‘ಕಂಡಿತಾ, ಇಲ್ವಾ?’ ಅಂತ ಕೇಳೋದು ಬಿಟ್ಟ ಮೇಲೆ

ಪರದೆಯಲ್ಲಿ ಕ್ಷಣಮಾತ್ರ ಮೂಡಿದ್ದು ಜನರ ಅರಿವಿಗೆ ಬಂತೋ ಇಲ್ಲವೋ ಅನ್ನೋದನ್ನು ಹೌದು-ಇಲ್ಲ ಬಟನ್‌ನಲ್ಲಿ ಅಳೆಯಲು ಹೋಗಿ ಒಂದೂವರೆ ವರ್ಷ ಕಳೆದೆ. ನಾಲ್ಕು ಹಂತದ ಅಳತೆಗೆ ಬದಲಾಗುತ್ತೇನೆ ಅಂದಾಗ ಲ್ಯಾಬಿನಲ್ಲಿ ಯಾರೂ ಒಪ್ಪಲಿಲ್ಲ. ‘ಜನ ಬಾಯಿಗೆ ಬಂದದ್ದು ಹೇಳ್ತಾರೆ’ ಅಂದರು. ಈಗ ಅವರೇ ನನ್ನ ಸ್ಕ್ರಿಪ್ಟ್ ಕೇಳುತ್ತಾರೆ.

ಮೊದಲ ಪೆಟ್ಟು ಕೊಟ್ಟಿದ್ದು ಮಾನಿಟರ್. 60 ಹರ್ಟ್ಸ್ (ಸೆಕೆಂಡಿಗೆ 60 ಫ್ರೇಮ್), ಒಂದು ಫ್ರೇಮ್ ಓರೆ ಗೆರೆ, ಹಿಂದೆಯೇ ಅದನ್ನು ಮರೆಮಾಡುವ ಇನ್ನೊಂದು ಚಿತ್ರ, ಅಂದರೆ ಮಾಸ್ಕ್. ಸುಮಾರು 17 ಮಿಲಿಸೆಕೆಂಡ್. ಆದರೂ ಅರ್ಧ ಜನಕ್ಕೆ ಗೆರೆ ಸ್ಪಷ್ಟವಾಗಿ ಕಂಡಿತು! ಪರದೆಯ ಮೂಲೆಗೆ ಬೆಳಕು ಗುರುತಿಸುವ ಫೋಟೋಡಯೋಡ್ ಅಂಟಿಸಿ, ಅದರ ಸಂಕೇತವನ್ನು ಅಲೆಯಾಗಿ ತೋರಿಸುವ ಆಸಿಲೋಸ್ಕೋಪ್ ನೋಡಿದೆ. ಒಂದು ಫ್ರೇಮಿಗೆ ಇಳಿಯಬೇಕಿದ್ದ ಅಲೆ ಆಗಾಗ ಎರಡು ಫ್ರೇಮ್ ನಿಲ್ಲುತ್ತಿತ್ತು. ಸುಮಾರು 30 ಜನರ ಡೇಟಾ ಕಸಕ್ಕೆ ಹೋಯಿತು. ಅವರಿಗೆ ಕೊಟ್ಟ ಹಣವೇ ಬಜೆಟ್‌ನ ಮೂರನೇ ಒಂದು ಪಾಲು. ಆಮೇಲೆ ಹಳೆಯ ಟಿವಿಯಂಥ ಗಾಜಿನ ಕೊಳವೆಯ ಸಿಆರ್‌ಟಿ ತಂದು 100 ಹರ್ಟ್ಸ್‌ಗೆ ಇಟ್ಟೆ.

ಎರಡನೇ ಪೆಟ್ಟು ಜೋರಾಗಿತ್ತು. ‘ಇಲ್ಲ’ ಅಂದ ಟ್ರಯಲ್‌ಗಳಲ್ಲೂ ಗೆರೆ ಎಡಕ್ಕೋ ಬಲಕ್ಕೋ ಅಂತ ಊಹಿಸಿದ್ದು 65 ಪರ್ಸೆಂಟ್ ಸರಿ ಇತ್ತು. ಅರಿವಿಲ್ಲದ ನೋಟ ಸಿಕ್ಕಿತು ಅಂತ ಕುಣಿದಾಡಿದೆ. ಹೊರಡುವಾಗ ಒಬ್ಬರು ಹೇಳಿದರು: ‘ಏನೋ ಓರೆಯಾಗಿ ಮಿನುಗಿತು. ಅಷ್ಟಕ್ಕೇ ಕಂಡೆ ಅನ್ನೋಕೆ ಮನಸ್ಸು ಬರಲಿಲ್ಲ.’ ನಾನು ಅಳೆದಿದ್ದು ಅವರ ಕ್ರೈಟೀರಿಯನ್, ಅಂದರೆ ‘ಕಂಡೆ’ ಅನ್ನೋಕೆ ಅವರು ಇಟ್ಟುಕೊಂಡ ಗಡಿ, ಅಷ್ಟೇ.

ಆಗ ಅರಿವಿನ ಸಂಶೋಧಕರಾದ ರಾಮ್ಸೋಯ್, ಓವರ್‌ಗಾರ್ಡ್ ಅವರ 2004ರ ನಾಲ್ಕು ಹಂತದ ಅಳತೆ ಹಿಡಿದೆ. ಏನೂ ಇಲ್ಲ, ಬರೀ ಮಿನುಗು, ಹೆಚ್ಚುಕಮ್ಮಿ ಸ್ಪಷ್ಟ, ಪೂರ್ತಿ ಸ್ಪಷ್ಟ. ಐದರಲ್ಲೊಂದು ಟ್ರಯಲ್ ಗೆರೆಯನ್ನೇ ತೋರಿಸದೆ ಖಾಲಿ ಬಿಟ್ಟೆ. ‘ಮಿನುಗು’ ಅಂದರೇನು ಅಂತ ಪ್ರತಿಯೊಬ್ಬರಿಂದಲೂ ಅವರದೇ ಮಾತಲ್ಲಿ ಹೇಳಿಸಿದೆ. ಅದಕ್ಕೇ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ‘ಏನೂ ಇಲ್ಲ’ದಲ್ಲಿ ಸರಿ ಊಹೆ 52 ಪರ್ಸೆಂಟಿನ ಆಸುಪಾಸಿಗೆ, ಅಂದರೆ ಬರೀ ಅದೃಷ್ಟದ ಮಟ್ಟಕ್ಕೆ ಇಳಿಯಿತು, ‘ಮಿನುಗು’ 70ರ ಹತ್ತಿರ ನಿಂತಿತು. ಖಾಲಿ ಟ್ರಯಲ್‌ಗೆ ‘ಸ್ಪಷ್ಟ’ ಅಂದವರು ಒಬ್ಬರೋ ಇಬ್ಬರೋ. ಬಾಯಿಗೆ ಬಂದದ್ದು ಹೇಳಿದ್ರೆ ಹೀಗೆ ಬರುತ್ತಾ?

ನಡುವೆ, ತಮ್ಮ ಊಹೆ ಸರಿ ಅಂತ ದುಡ್ಡಿನ ಪಣ ಕಟ್ಟಿಸುವ ವಿಧಾನವನ್ನೂ ನೋಡಿದೆ. ದುಡ್ಡು ಜಾಸ್ತಿ ಹೋಯಿತು. ಅಂಜುಬುರುಕರು ಸ್ಪಷ್ಟವಾಗಿ ಕಂಡರೂ ಚಿಕ್ಕ ಪಣವನ್ನೇ ಇಡುತ್ತಾರೆ. ಅಲ್ಲಿಗೇ ಬಿಟ್ಟೆ.

ಈಗಿನ ಹುಚ್ಚು ಏನೂ ಕೇಳದೆ ಅಳೆಯೋದು. ಒಂದೊಂದು ಕಣ್ಣಿಗೆ ಒಂದೊಂದರಂತೆ ಎದುರುಬದುರು ಸರಿಯುವ ಪಟ್ಟೆ ತೋರಿಸಿ ಸುಮ್ನೆ ಕೂರಿಸುತ್ತೇನೆ. ಒಂದು ಹೊತ್ತಿಗೆ ಹೆಚ್ಚಾಗಿ ಒಂದೇ ಪಟ್ಟೆ ಕಾಣುತ್ತದೆ, ಅದು ಬದಲಾಗುತ್ತಿರುತ್ತದೆ. ಯಾವ ಪಟ್ಟೆ ಕಾಣುತ್ತಿದೆಯೋ ಕಣ್ಣು ಮೆಲ್ಲಗೆ ಅದರ ಹಿಂದೆ ಜಾರುತ್ತದೆ, ತಟ್ಟನೆ ಮರಳುತ್ತದೆ. ಬಟನ್ ಒತ್ತಿಸಿ ತಾಳೆ ನೋಡಿದಾಗ ಹತ್ತರಲ್ಲಿ ಎಂಟೊಂಬತ್ತು ಸಲ ಹೊಂದಿತು. ಕಣ್ಣಿನ ಚಲನೆ ಅಳೆಯುವ ಐ ಟ್ರ್ಯಾಕರ್ ಎರವಲಿನದು, ತಿಂಗಳ ಕೊನೆಗೆ ವಾಪಸ್ ಕೊಡಬೇಕು. ಇನ್ನೂ ಆರು ಜನ ಬಾಕಿ.