ಮಾಜಾಳಿಯ ಮನೆಯಲ್ಲಿ ಒಂದು ಆಪ್ತ ದೃಶ್ಯ: ನಾವು ಮಾಡಿಕೊಂಡ ತಯಾರಿ

ಚಿತ್ರಕಥೆಯಲ್ಲಿ ಆ ದೃಶ್ಯಕ್ಕೆ ಇದ್ದದ್ದು ಒಂದೇ ಸಾಲು. "ರಾತ್ರಿ. ಒಳಕೋಣೆ. ಇಬ್ಬರೂ ಒಂದಾಗುತ್ತಾರೆ." ಗಂಡ ಹಡಗಿನ ಕೆಲಸ ಮುಗಿಸಿ ವರ್ಷದ ಮೇಲೆ ಕಾರವಾರಕ್ಕೆ ಬಂದಿದ್ದಾನೆ. ಹೆಂಡತಿಗೆ ಅವನು ಅರ್ಧ ಅಪರಿಚಿತ. ಚಿತ್ರದ ಅಷ್ಟೂ ಭಾರ ಈ ದೃಶ್ಯದ ಮೇಲೆ ನಿಂತಿತ್ತು. ನಾನು ಆ ಚಿತ್ರದ ಸಹನಿರ್ದೇಶಕಿ.

ನಮ್ಮಲ್ಲಿ ಫೈಟ್ ಇದ್ದರೆ ಫೈಟ್ ಮಾಸ್ಟರ್ ಬರುತ್ತಾರೆ. ಹಾಡಿಗೆ ಡ್ಯಾನ್ಸ್ ಮಾಸ್ಟರ್ ಇರುತ್ತಾರೆ. ಇಂಥ ದೃಶ್ಯಕ್ಕೆ ಮಾತ್ರ "ನೀವೇ ಏನಾದ್ರೂ ಮಾಡಿ, ನ್ಯಾಚುರಲ್ ಆಗಿ ಬರಲಿ" ಅಂತ ನಟರ ಮೇಲೆ ಬಿಟ್ಟುಬಿಡುತ್ತಾರೆ. ಹಿಂದೆ ನಾನು ಕೆಲಸ ಮಾಡಿದ ಒಂದು ಚಿತ್ರದಲ್ಲಿ ಹೀಗೇ ಆಯಿತು. ಕಟ್ ಹೇಳಿದ ಮೇಲೆ ನಟಿ ಗೋಡೆ ಕಡೆ ಮುಖ ಮಾಡಿ ನಿಂತಿದ್ದಳು. ಸುತ್ತ ಮುಂದಿನ ಶಾಟ್‌ಗೆ ಲೈಟ್ ಎಳೆಯುತ್ತಿದ್ದರು. ಹೊದೆಯಲು ಒಂದು ಟವೆಲ್ ಕೊಡಬೇಕು ಅಂತಲೂ ಯಾರಿಗೂ ತೋಚಲಿಲ್ಲ.

ಕಲಾತ್ಮಕ ಚಿತ್ರದವರು ಇದಕ್ಕೆ ಒಂದು ಕಾರಣ ಕೊಡುತ್ತಾರೆ. ಮೊದಲೇ ಎಲ್ಲ ಹೇಳಿಬಿಟ್ಟರೆ ನಿಜವಾದ ಭಾವ ಬರುವುದಿಲ್ಲವಂತೆ. 1972ರ 'ಲಾಸ್ಟ್ ಟ್ಯಾಂಗೋ ಇನ್ ಪ್ಯಾರಿಸ್' ಚಿತ್ರೀಕರಣದಲ್ಲಿ ಮರಿಯಾ ಶ್ನೈಡರ್‌ಗೆ 19 ವರ್ಷ. ಬಲಾತ್ಕಾರದ ದೃಶ್ಯದ ಒಂದು ಮುಖ್ಯ ವಿವರವನ್ನು ಆಕೆಗೆ ಮುಂಚೆ ಹೇಳಿರಲಿಲ್ಲ. ನಟಿಯ ಪ್ರತಿಕ್ರಿಯೆಯಲ್ಲ, ಹುಡುಗಿಯ ಪ್ರತಿಕ್ರಿಯೆ ಬೇಕಿತ್ತು ಎಂದು ನಿರ್ದೇಶಕ ಬರ್ಟೊಲುಚಿ ಎಷ್ಟೋ ವರ್ಷಗಳ ನಂತರ ಒಪ್ಪಿಕೊಂಡರು. ಆ ಗಾಯ ಆಕೆಯನ್ನು ಕೊನೆಯವರೆಗೂ ಬಿಡಲಿಲ್ಲ. ಅದನ್ನು ಕಲೆ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ನಟನೆ ಗೊತ್ತಿರುವವರನ್ನು ಕರೆದು, ನಟಿಸಲು ಬಿಡದೆ ಹೆದರಿಸುವುದು ಯಾವ ನಿರ್ದೇಶನ?

2018ರಲ್ಲಿ ಅಮೆರಿಕದ ಟಿವಿ ಸಂಸ್ಥೆ ಎಚ್‌ಬಿಒ ಅಲಿಸಿಯಾ ರೋಡಿಸ್ ಅವರನ್ನು ಇಂಥ ದೃಶ್ಯಗಳಿಗಾಗಿಯೇ ನೇಮಿಸಿತು. ನಟರ ಒಪ್ಪಿಗೆ ಕೇಳಿಕೊಂಡು ಆಪ್ತ ದೃಶ್ಯವನ್ನು ಹೊಂದಿಸಿಕೊಡುವ ಆ ಕೆಲಸಕ್ಕೆ ಇಂಟಿಮಸಿ ಕೋಆರ್ಡಿನೇಟರ್ ಎಂದು ಹೆಸರು. 2020ರ ಆರಂಭದಲ್ಲಿ ಅಲ್ಲಿಯ ನಟರ ಸಂಘ ಸ್ಯಾಗ್-ಆಫ್ಟ್ರಾ ಈ ಕೆಲಸಕ್ಕೆ ಲಿಖಿತ ನಿಯಮಾವಳಿ ಹೊರಡಿಸಿತು. ನಮ್ಮ ದೇಶದಲ್ಲಿ ಆಸ್ಥಾ ಖನ್ನಾ ತರಬೇತಿ ಪಡೆದು ಈ ಕೆಲಸ ಮಾಡುತ್ತಿದ್ದಾರೆ. ನಮ್ಮ ಬಜೆಟ್‌ನಲ್ಲಿ ಮುಂಬೈಯಿಂದ ಯಾರನ್ನೂ ಕರೆಸುವ ಹಾಗಿರಲಿಲ್ಲ. ನಿರ್ದೇಶಕರು "ನೀನೇ ನೋಡ್ಕೊಳಮ್ಮ" ಅಂದರು. ಆ ನಿಯಮಗಳನ್ನು ಓದಿಕೊಂಡು, ನಮ್ಮ ಯೂನಿಟ್‌ಗೆ ಹೊಂದುವಂತೆ ಮಾಡಿಕೊಂಡೆ.

ಮೊದಲು ನಿರ್ದೇಶಕರನ್ನು ಕೂರಿಸಿ ಕೇಳಿದ್ದು ಒಂದೇ ಪ್ರಶ್ನೆ: ಈ ದೃಶ್ಯ ಶುರುವಾಗುವಾಗ ಇಲ್ಲದ್ದು ಮುಗಿಯುವಾಗ ಏನಿರಬೇಕು? ಸುಮಾರು ಹೊತ್ತು ಯೋಚಿಸಿ ಹೇಳಿದರು, "ಅವಳಿಗೆ ಅವನ ಗುರುತು ಸಿಗಬೇಕು." ಅಷ್ಟು ಸಿಕ್ಕಿದ ಮೇಲೆ ಬರೆಯುವುದು ಸುಲಭವಾಯಿತು. ಯಾರು ಎಲ್ಲಿ ಕೂರುತ್ತಾರೆ, ಯಾವ ಕೈ ಎಲ್ಲಿಗೆ ಹೋಗುತ್ತದೆ, ಎಷ್ಟು ಉಸಿರಿನ ಹೊತ್ತು ಅಲ್ಲೇ ಇರುತ್ತದೆ, ಕ್ಯಾಮೆರಾಗೆ ಎಲ್ಲಿಯವರೆಗೆ ಕಾಣುತ್ತದೆ, ಎಲ್ಲವನ್ನೂ ಬರೆದೆ. ಒಂದು ಸಾಲು ಎರಡು ಪುಟ ಆಯಿತು.

ಆಮೇಲೆ ಇಬ್ಬರು ನಟರ ಹತ್ತಿರ ಬೇರೆ ಬೇರೆಯಾಗಿ ಮಾತಾಡಿದೆ. ಇದು ಬಹಳ ಮುಖ್ಯ. ಎದುರಿಗೆ ಸಹನಟ ಇದ್ದರೆ, ನಿರ್ದೇಶಕರಿದ್ದರೆ, "ಪರವಾಗಿಲ್ಲ ಸರ್" ಎನ್ನುವುದು ನಮ್ಮವರ ಬಾಯಿಗೆ ತಾನಾಗಿ ಬಂದುಬಿಡುತ್ತದೆ. ಮೈಯಲ್ಲಿ ಎಲ್ಲಿ ಮುಟ್ಟಬಹುದು, ಎಲ್ಲಿ ಬಟ್ಟೆಯ ಮೇಲೆ ಮಾತ್ರ, ಎಲ್ಲಿ ಬೇಡವೇ ಬೇಡ ಎಂದು ಕೇಳಿ ಬರೆದುಕೊಂಡೆ. ಗಂಡಸರನ್ನು ಈ ಪ್ರಶ್ನೆ ಯಾರೂ ಕೇಳಿರುವುದಿಲ್ಲ. ನಮ್ಮ ನಟನಿಗೆ ಕುತ್ತಿಗೆ ಮುಟ್ಟಿದರೆ ಆಗುತ್ತಿರಲಿಲ್ಲ. ಕೇಳದಿದ್ದರೆ ಅವನು ಹೇಳುತ್ತಲೂ ಇರಲಿಲ್ಲ.

ನಟಿ ಧಾರವಾಡದವಳು. "ಅಕ್ಕಾ, ತುಟಿಗೆ ಮುತ್ತು ಬ್ಯಾಡ" ಅಂದಳು. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಿರ್ದೇಶಕರ ಮುಖ ಸ್ವಲ್ಪ ಸಪ್ಪಗಾಯಿತು. ಮುತ್ತಿನ ಜಾಗದಲ್ಲಿ ಏನು ಅಂತ ನಾವು ಮೂವರೂ ಕೂತು ಹುಡುಕಿದೆವು. ಕೊನೆಗೆ ಬಂದದ್ದು ಇದು: ಅವನ ಕೈಯನ್ನು ಅವಳು ದೀಪದ ಹತ್ತಿರ ಎಳೆದುಕೊಳ್ಳುತ್ತಾಳೆ. ಅಂಗೈಯಲ್ಲಿ ಹಗ್ಗ ಉಜ್ಜಿ ಆದ ಗಾಯದ ಕಲೆ ಇದೆ. ಹೋಗುವಾಗ ಅದು ಇರಲಿಲ್ಲ. ಅದರ ಮೇಲೆ ಬೆರಳಾಡಿಸುತ್ತಾಳೆ, ಮೂಗಿನ ಹತ್ತಿರ ತಂದು ಮೂಸುತ್ತಾಳೆ. ಆಮೇಲೆ ಆ ಕೈಯನ್ನು ತಾನೇ ತನ್ನ ಬೆನ್ನಿನ ಮೇಲೆ ಇಟ್ಟುಕೊಳ್ಳುತ್ತಾಳೆ. ಚಿತ್ರ ನೋಡಿದವರು ಈಗಲೂ ಕೇಳುವುದು ಆ ಅಂಗೈಯ ಬಗ್ಗೆಯೇ.

ಒಪ್ಪಿದ್ದೆಲ್ಲ ಕರಾರು ಪತ್ರದ ಜೊತೆ ಲಗತ್ತಾಗಿ ಸೇರಿತು. ಏನು ಕಾಣುತ್ತದೆ, ಏನು ಕಾಣುವುದಿಲ್ಲ. ಪೋಸ್ಟರ್, ಟ್ರೇಲರ್‌ಗೆ ಈ ದೃಶ್ಯ ಬಳಸುವ ಹಾಗಿಲ್ಲ. ಬಳಸದ ಫೂಟೇಜ್ ಅಳಿಸಬೇಕು. ಸಹಿ ಹಾಕಿದ್ದರೂ ಶೂಟಿಂಗ್ ದಿನ ಬೇಡ ಅಂದರೆ ಬೇಡ. ಮಲಯಾಳಂ ಚಿತ್ರರಂಗದ ಹೆಂಗಸರ ಸ್ಥಿತಿಗತಿ ಬಗ್ಗೆ 2024ರ ಆಗಸ್ಟ್‌ನಲ್ಲಿ ಹೊರಬಂದ ಕೇರಳದ ಹೇಮಾ ಸಮಿತಿ ವರದಿಯಲ್ಲಿ, ಮುಂಚೆ ಹೇಳದ ದೃಶ್ಯಗಳಿಗೆ ಸೆಟ್‌ನಲ್ಲಿ ಒತ್ತಾಯ ಮಾಡುವ ವಿಷಯವೂ ಇದೆ. ಕಾಗದದಲ್ಲಿ ಇಲ್ಲದಿದ್ದರೆ ನಟಿ ಏನು ತೋರಿಸಿ ವಾದ ಮಾಡಬೇಕು? ಹತ್ತು ಜನಕ್ಕಿಂತ ಕಡಿಮೆ ಇಲ್ಲದ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆಯೇ ಹೇಳುತ್ತದೆ. ಸಣ್ಣ ಚಿತ್ರದ ಯೂನಿಟ್‌ನಲ್ಲೂ ಅದಕ್ಕಿಂತ ಜಾಸ್ತಿ ಜನ ಇರುತ್ತಾರೆ.

ರಿಹರ್ಸಲ್ ಕುಮಟಾದ ಒಂದು ಹಾಲ್‌ನಲ್ಲಿ. ನಟ ಹೊನ್ನಾವರ ಕಡೆಯವನು, ಯಕ್ಷಗಾನದ ಮನೆಯ ಹುಡುಗ. ನಾನು ಎರಡು ಪುಟ ಕೊಟ್ಟಾಗ ಅವನಿಗೆ ವಿಚಿತ್ರ ಅನ್ನಿಸಲಿಲ್ಲ. ಯಕ್ಷಗಾನದ ಬಡಗುತಿಟ್ಟು ಶೈಲಿಯ ಶೃಂಗಾರದಲ್ಲಿ ಪುರುಷವೇಷ, ಸ್ತ್ರೀವೇಷ ಎರಡೂ ಮೈಗೆ ಮೈ ತಾಗದೆ ಎಷ್ಟು ಹೊತ್ತು ಕುಣಿಯುತ್ತವೆ! ಹತ್ತಿರ ಬರುವುದು, ಸರಿಯುವುದು, ಕಣ್ಣು ತಪ್ಪಿಸುವುದು ಎಲ್ಲ ತಾಳಕ್ಕೆ ಬಿದ್ದದ್ದು. ಎರಡೂ ವೇಷದ ಒಳಗೆ ಗಂಡಸರೇ ಇದ್ದರೂ ನೋಡುವವರಿಗೆ ಪ್ರೀತಿ ಕಾಣುತ್ತದೆ. "ಹೆಜ್ಜೆ ಗೊತ್ತಿದ್ರೆ ಮುಖಕ್ಕೆ ಬಿಡುವು ಸಿಕ್ತದೆ ಅಕ್ಕ" ಅಂದ ಅವನು. ನಾನು ಹೇಳಬೇಕೆಂದಿದ್ದೂ ಅದನ್ನೇ. ಕೈ ಎಲ್ಲಿ ಹೋಗುತ್ತದೋ ಎಂಬ ಹೆದರಿಕೆ ಇಲ್ಲದಿದ್ದಾಗ ನಟಿ ತನ್ನ ಪಾತ್ರದ ಬಗ್ಗೆ ಯೋಚಿಸಬಲ್ಲಳು.

ಮೊದಲು ಅಂತರ ಇಟ್ಟುಕೊಂಡು ಬರೀ ಚಲನೆಗಳ ಎಣಿಕೆ. ಆಮೇಲೆ ಬಟ್ಟೆ ತೊಟ್ಟೇ ಸ್ಪರ್ಶ, ಪ್ರತಿ ಸಲ ಶುರು ಮಾಡುವ ಮುಂಚೆ "ಆಯ್ತಾ?" "ಆಯ್ತು." ಉಸಿರನ್ನೂ ಎಣಿಸಿದೆವು. ಯಾವಾಗ ತಡೆಯುವುದು, ಯಾವಾಗ ಬಿಡುವುದು ಎಲ್ಲ ಗೊತ್ತುಮಾಡಿಕೊಂಡದ್ದೇ. ಪರದೆಯ ಮೇಲೆ ನಮಗೆ ಆಪ್ತ ಅನ್ನಿಸುವುದು ಹೆಚ್ಚಾಗಿ ಉಸಿರಿನಿಂದ. ಮೈ ಎಷ್ಟು ಕಾಣುತ್ತದೆ ಎನ್ನುವುದರಿಂದ ಅಲ್ಲ.

ಬಟ್ಟೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಕರಾವಳಿಯಲ್ಲಿ ಶೂಟ್ ಮಾಡುವವರಿಗೆ ಉಪಯೋಗವಾದೀತು. ಮೈ ಮುಚ್ಚಲು ಚರ್ಮದ ಬಣ್ಣದ ಟೇಪ್, ಪಟ್ಟಿ ಬಳಸುವುದು ರೂಢಿ. ಕಾರವಾರದ ಮೇ ತಿಂಗಳಲ್ಲಿ ಬೆವರಿಗೆ ಟೇಪ್ ನಿಲ್ಲುವುದೇ ಇಲ್ಲ. ಸಿಂಕ್ ಸೌಂಡ್, ಅಂದರೆ ಶೂಟಿಂಗ್ ಜಾಗದಲ್ಲೇ ಧ್ವನಿ ಹಿಡಿಯುವುದು ಆದ್ದರಿಂದ ಫ್ಯಾನ್ ಹಾಕುವಂತಿಲ್ಲ. ಸಾಲದ್ದಕ್ಕೆ ಅಂಗಡಿಯಲ್ಲಿ ಸಿಗುವ 'ಸ್ಕಿನ್ ಕಲರ್' ಬಿಳಿ ಚರ್ಮದವರ ಬಣ್ಣ. ನಮ್ಮ ನಟಿಯದು ಒಳ್ಳೆ ಗೋಧಿ ಕಪ್ಪು. ಕೊನೆಗೆ ತೆಳು ಹತ್ತಿ ಬಟ್ಟೆ ತಂದು, ಟೀ ಡಿಕಾಕ್ಷನ್‌ನಲ್ಲಿ ಕುದಿಸಿ, ಒಣಗಿಸಿ, ಅವಳ ತೋಳಿನ ಮೇಲಿಟ್ಟು ನೋಡುತ್ತಾ ಬಣ್ಣ ಹೊಂದಿಸಿದೆವು. ಊರಿನ ಹೆಂಗಸು ಟೈಲರ್ ಒಬ್ಬರು ಅಳತೆ ತೆಗೆದು, ಹಿಂದೆ ದಾರ ಕಟ್ಟುವ ಹಾಗೆ ಹೊಲಿದುಕೊಟ್ಟರು. ನಟನಿಗೂ ಒಂದು. ಹಾಸಿಗೆಯ ಶಾಟ್‌ಗೆ ಇಬ್ಬರ ಸೊಂಟದ ನಡುವೆ ಯೋಗ ಮ್ಯಾಟ್ ಕತ್ತರಿಸಿ, ಬಟ್ಟೆ ಸುತ್ತಿ ಇಟ್ಟೆವು. ಕ್ಯಾಮೆರಾಗೆ ಅದು ಕಾಣುವುದಿಲ್ಲ. ನಟರಿಗೆ ಮಾತ್ರ ಅದರಿಂದ ಎಷ್ಟೋ ನೆಮ್ಮದಿ.

ಚಿತ್ರೀಕರಣ ಕಾರವಾರದ ಹತ್ತಿರದ ಮಾಜಾಳಿಯ ಹಳೆಯ ಹಂಚಿನ ಮನೆಯಲ್ಲಿ. ಮನೆಯೊಡತಿಗೆ ನಾನೇ ಮೊದಲು ವಿಷಯ ಹೇಳಿದೆ, ಇಂಥ ದೃಶ್ಯ, ಇಷ್ಟು ತೋರಿಸುತ್ತೇವೆ ಅಂತ. ಆ ಅಮ್ಮ ಸ್ವಲ್ಪ ಸುಮ್ಮನಿದ್ದು, "ದೇವರ ಕೋಣೆಯ ಪಕ್ಕದ್ದು ಬೇಡ, ಆಚೆ ಕೋಣೆ ತಕೊಳ್ಳಿ" ಅಂದರು. ಮುಚ್ಚಿಟ್ಟಿದ್ದರೆ ಆ ಮನೆಯೇ ಕೈತಪ್ಪುತ್ತಿತ್ತೋ ಏನೋ.

ರಾತ್ರಿಯ ದೃಶ್ಯವನ್ನು ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ಹಗಲಲ್ಲೇ ತೆಗೆದೆವು. ಒಳಗೆ ನಟರಲ್ಲದೆ ನಿರ್ದೇಶಕರು, ಕ್ಯಾಮೆರಾಮನ್, ಫೋಕಸ್ ಪುಲ್ಲರ್, ಬೂಮ್ ಮೈಕ್ ಹಿಡಿಯುವವನು, ನಾನು. ಅಷ್ಟೇ. ಹೆಸರು ಬರೆದ ಚೀಟಿ ಬಾಗಿಲ ಮೇಲೆ. ಎಲ್ಲರ ಮೊಬೈಲ್ ಒಂದು ಚೀಲದಲ್ಲಿ. ಮಾನಿಟರ್ ಒಂದೇ. ನಿರ್ಮಾಪಕರ ಪರಿಚಯದವರು ಯಾರೋ "ಸುಮ್ನೆ ನೋಡಿ ಹೋಗ್ತೀವಿ" ಅಂತ ಬಂದಿದ್ದರು. ಚೀಟಿ ತೋರಿಸಿದೆ. ಕಟ್ ಹೇಳುವ ಹಕ್ಕು ನಟರಿಗೂ ಇತ್ತು. ಒಂದು ಟೇಕ್‌ನಲ್ಲಿ ನಟಿಯ ಬೆನ್ನಿನ ದಾರ ಸಡಿಲವಾಯಿತು. "ಕಟ್" ಅಂದಳು. ನಾನು ಟವೆಲ್ ಹೊದಿಸಿದೆ, ಗಂಡಸರು ಬೆನ್ನು ತಿರುಗಿಸಿದರು, ದಾರ ಕಟ್ಟಿ ಮತ್ತೆ ಶುರು ಮಾಡಿದೆವು.

ಎಡಿಟ್ ಆದ ಮೇಲೆ ಇಬ್ಬರಿಗೂ ಆ ಭಾಗ ತೋರಿಸಿದೆವು. ನಟಿ ಒಂದು ಶಾಟ್ ಗಿಡ್ಡ ಮಾಡಲು ಕೇಳಿದಳು. ನಿರ್ದೇಶಕರು ಮಾಡಿದರು. ಸೆನ್ಸಾರ್‌ನಲ್ಲಿ ಯುಎ 16+ ಸಿಕ್ಕಿತು, ಅಂದರೆ ಹದಿನಾರರ ಒಳಗಿನವರು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬಹುದಾದದ್ದು. ನಮ್ಮ ಕಡೆ ಇಂಥ ದೃಶ್ಯದ ತುಣುಕು ಕತ್ತರಿಸಿ ಮೊಬೈಲ್‌ನಲ್ಲಿ ಹಂಚುತ್ತಾರೆ. ಅದನ್ನು ಪೂರ್ತಿ ತಡೆಯಲು ನಮ್ಮಿಂದಾಗದು. ಬಳಸದ ಫೂಟೇಜ್ ಹೊರಗೆ ಹೋಗದಂತೆ ತಡೆಯುವುದಂತೂ ನಮ್ಮ ಕೈಯಲ್ಲೇ ಇದೆ. ಹಾರ್ಡ್ ಡಿಸ್ಕ್‌ನಿಂದಲೂ ಬ್ಯಾಕಪ್‌ನಿಂದಲೂ ನಟರ ಎದುರೇ ಅಳಿಸಿದೆವು.

ಮುಂದಿನ ಚಿತ್ರ ಶಿರಸಿಯ ಅಡಿಕೆ ತೋಟದ ಮನೆಯಲ್ಲಿ. ಅದರಲ್ಲೂ ಇಂಥದ್ದೊಂದು ದೃಶ್ಯ ಇದೆ, ಇದಕ್ಕಿಂತ ಕಷ್ಟದ್ದು. ತರಬೇತಿ ಪಡೆದವರನ್ನೇ ಕರೆಸಬೇಕು ಎಂದು ಹಟ ಹಿಡಿದೆ. ಅವರ ಸಂಬಳಕ್ಕೆ ಬಜೆಟ್‌ನಲ್ಲಿ ಬೇರೆಯೇ ಜಾಗ ಮಾಡಲು ನಿರ್ಮಾಪಕರು ಒಪ್ಪಿದ್ದಾರೆ.