ಕಲ್ಲು ಎಷ್ಟು ನೀರನ್ನು ತಳ್ಳಿತು?

ಒಂಬತ್ತನೇ ತರಗತಿಗೆ ಪ್ಲವನತೆಯ, ಅಂದರೆ ನೀರು ವಸ್ತುವನ್ನು ಮೇಲಕ್ಕೆ ಎತ್ತುವ ಗುಣದ, ಪಾಠ ಮಾಡುವಾಗ ನಾನು ಸಾಂದ್ರತೆಯ ಮಾತನ್ನೇ ಮೊದಲಿಗೆ ಎತ್ತುವುದಿಲ್ಲ. ‘ರಾಶಿ ಭಾಗಿಸು ಗಾತ್ರ’ ಎಂದು ಹೇಳಿಕೊಟ್ಟರೆ ಮಕ್ಕಳು ಅದನ್ನು ಅಂದೇ ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಮರುದಿನ ಮೊಳೆ ಯಾಕೆ ಮುಳುಗಿತು ಎಂದು ಕೇಳಿ ನೋಡಿ: “ಭಾರ ಐತಲ್ರೀ ಸರ್.” ಹಾಗಾದರೆ ಮೊಳೆಗಿಂತ ಎಷ್ಟೋ ಪಾಲು ಭಾರದ ತೆಂಗಿನಕಾಯಿ ಹೊಳೆಯಲ್ಲಿ ತೇಲಿಕೊಂಡು ಹೋಗುತ್ತದಲ್ಲ ಎಂದರೆ ಉತ್ತರವಿಲ್ಲ.

ಆರ್ಕಿಮಿಡಿಸ್ ಸ್ನಾನದ ತೊಟ್ಟಿಯಿಂದೆದ್ದು ಓಡಿದ ಕಥೆಯನ್ನೂ ಕೊನೆಗೆ ಇಡುತ್ತೇನೆ. ಅದನ್ನು ಬರೆದಿಟ್ಟವನು ರೋಮಿನ ವಿಟ್ರೂವಿಯಸ್, ಅದೂ ಆರ್ಕಿಮಿಡಿಸ್ ತೀರಿಕೊಂಡು ಎರಡು ಶತಮಾನ ಆಗುತ್ತ ಬಂದಾಗ. ಕಥೆಯಲ್ಲಿ ಇರುವುದು ಕಿರೀಟದ ಗಾತ್ರ ಅಳೆಯುವ ಉಪಾಯ. ನೀರು ಮೇಲಕ್ಕೆ ಎತ್ತುತ್ತದೆ ಎಂಬ ವಿಷಯವೇ ಅದರಲ್ಲಿ ಬರುವುದಿಲ್ಲ. ಮಕ್ಕಳಿಗೆ ನೆನಪುಳಿಯುವುದಂತೂ ಬರಿಮೈಯಲ್ಲಿ ಓಡಿದ್ದು ಮಾತ್ರ.

ನನ್ನ ಪಾಠ ಶುರುವಾಗುವುದು ಗ್ರಾನೈಟ್ ಚೂರಿನಿಂದ. ದಾರ ಕಟ್ಟಿ ಸ್ಪ್ರಿಂಗ್ ತಕ್ಕಡಿಗೆ ತೂಗುಬಿಟ್ಟರೆ 270 ಗ್ರಾಂ. ಅಂಚಿನವರೆಗೆ ನೀರು ತುಂಬಿದ ಲೋಟಕ್ಕೆ ಮೆಲ್ಲಗೆ ಇಳಿಸಿದರೆ ಮುಳ್ಳು 170ಕ್ಕೆ ಬಂದು ನಿಲ್ಲುತ್ತದೆ. ಲೋಟದ ಕೆಳಗಿನ ತಟ್ಟೆಗೆ ಚೆಲ್ಲಿದ ನೀರನ್ನು ಅಳತೆ ಜಾಡಿಗೆ ಸುರಿದರೆ 100 ಮಿಲಿ ಲೀಟರ್, ಅಂದರೆ 100 ಗ್ರಾಂ. ಲೋಟದ ಹೊರಮೈ ಮೊದಲೇ ಒದ್ದೆಯಾಗಿದ್ದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಒಣಬಟ್ಟೆ ಹಿಡಿದು ಒಬ್ಬ ಹುಡುಗ ಪಕ್ಕದಲ್ಲೇ ನಿಂತಿರಬೇಕು.

ನೂರು ಗ್ರಾಂ ಎಲ್ಲಿ ಹೋಯಿತು? ಇದಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಬೇಕು. ಅದರ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆಗೆ ತರುತ್ತೇನೆ. ಕಲ್ಲನ್ನು ನೀರೊಳಗೆ ಇಳಿಸಿದರೂ ತಳ ಮುಟ್ಟಿಸುವುದಿಲ್ಲ ಎಂದು ಮೊದಲೇ ಹೇಳಿ, ತಕ್ಕಡಿ ಎಷ್ಟು ತೋರಿಸಬಹುದು ಎಂದು ಕೈ ಎತ್ತಿಸುತ್ತೇನೆ. ಹೆಚ್ಚಿನವರದು ಸೊನ್ನೆಯೇ: “ತಳಕ್ಕ ಮುಟ್ಟಿಲ್ಲಲ್ರೀ, ಕಲ್ಲು ನಿಮ್ಮ ಕೈಯಾಗ ಐತಿ.” ಇಳಿಸಿದ ಕೂಡಲೇ ತಕ್ಕಡಿ 100 ಎನ್ನುತ್ತದೆ. ಸ್ಪ್ರಿಂಗ್ ಕಳೆದುಕೊಂಡದ್ದು ಇಲ್ಲಿ ಬಂದು ಕೂತಿದೆ. ನೀರು ಕಲ್ಲನ್ನು ಮೇಲಕ್ಕೆ ತಳ್ಳಿದಷ್ಟೇ ಕಲ್ಲು ನೀರನ್ನು ಕೆಳಕ್ಕೆ ತಳ್ಳುತ್ತಿದೆ. ನ್ಯೂಟನ್ನನ ಮೂರನೇ ನಿಯಮವನ್ನು ಬೋರ್ಡಿನ ಮೇಲೆ ಬರೆಯದೆ ಅಂಕಿಯಲ್ಲೇ ತೋರಿಸಿದ ಹಾಗಾಯಿತು. ದಾರ ಸಡಿಲ ಬಿಟ್ಟು ಕಲ್ಲನ್ನು ತಳಕ್ಕೆ ಕೂರಿಸಿದರೆ ಪೂರ್ತಿ 270.

ಸರಿಯಾಗಿ ನೂರೇ ಯಾಕೆ? ಕಲ್ಲು ಬರುವ ಮುಂಚೆ ಆ ಜಾಗದಲ್ಲಿ 100 ಗ್ರಾಂ ನೀರಿತ್ತು, ಅದು ಕೆಳಗೆ ಬೀಳದಂತೆ ಸುತ್ತಲಿನ ನೀರು ಹೊತ್ತುಕೊಂಡಿತ್ತು. ಈಗ ಅಲ್ಲಿ ಕಲ್ಲಿದೆ. ಸುತ್ತಲಿನ ನೀರಿಗೆ ಕಲ್ಲೋ ನೀರೋ ಎಂಬ ಭೇದ ತಿಳಿಯದು, ಮೊದಲಿನಷ್ಟೇ ಎತ್ತುತ್ತದೆ. ಇಷ್ಟು ಹೇಳಿ ನಾನು ಸುಮ್ಮನಾಗುತ್ತೇನೆ. ಉಳಿದ 170 ಗ್ರಾಂ ಹೊರಲು ಯಾರೂ ಇಲ್ಲ, ಅದಕ್ಕೇ ಮುಳುಗುತ್ತದೆ ಎಂಬುದನ್ನು ಮಕ್ಕಳೇ ಹೇಳಬೇಕು. ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ.

ಆಮೇಲಿನದು ಸಲೀಸು. 270 ಗ್ರಾಂ, 100 ಮಿಲಿ ಲೀಟರ್: ಭಾಗಿಸಿದರೆ 2.7. ಸಾಂದ್ರತೆಯ ಹೆಸರು ಬರುವುದು ಇಲ್ಲಿ. ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯದೂ 2.7 ಎಂದರೆ ಮಕ್ಕಳು ನಂಬುವುದಿಲ್ಲ. ಹಾಳೆಯನ್ನು ದೋಣಿ ಮಾಡಿ ಬಿಟ್ಟರೆ ತೇಲುತ್ತದೆ. ಕೈಯಲ್ಲಿ ಮುದ್ದೆ ಮಾಡಿ ಹಾಕಿದರೂ ತೇಲುತ್ತದೆ, ಮಡಿಕೆಗಳಲ್ಲಿ ಗಾಳಿ ಉಳಿದಿರುತ್ತದಲ್ಲ. ಮುಳುಗಿಸಬೇಕೆಂದರೆ ಸುತ್ತಿಗೆಯಿಂದ ಚಪ್ಪಟೆಯಾಗುವಂತೆ ಬಡಿಯಲೇಬೇಕು. ಆನೆಗೊಂದಿಯ ಹರಿಗೋಲು ಕಂಡ ಮಕ್ಕಳಿಗೆ ಈ ದೋಣಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜನ ಹತ್ತಿದಷ್ಟೂ ಅದು ಇನ್ನಷ್ಟು ತಗ್ಗಿ, ಇನ್ನಷ್ಟು ನೀರು ತಳ್ಳಿ ನಿಲ್ಲುವುದನ್ನು ಅವರೇ ವಿವರಿಸುತ್ತಾರೆ.

ನಮ್ಮದು ಭತ್ತದ ಸೀಮೆ. ಬಿತ್ತನೆ ಬೀಜ ಆರಿಸಲು ನೀರಿಗೆ ಉಪ್ಪು ಕರಗಿಸುತ್ತಾ ಹೋಗಿ, ತಾಜಾ ಕೋಳಿಮೊಟ್ಟೆ ತೇಲಿ ನಾಣ್ಯದಗಲ ಮೇಲೆ ಕಂಡಾಗ ನಿಲ್ಲಿಸುತ್ತಾರೆ. ಆ ನೀರಿಗೆ ಭತ್ತ ಸುರಿದರೆ ಜೊಳ್ಳು ಮೇಲೆ, ಗಟ್ಟಿಕಾಳು ತಳಕ್ಕೆ. ಹಳೇ ಮೊಟ್ಟೆ ನಡೆಯದು, ಒಳಗೆ ಗಾಳಿ ಹೆಚ್ಚಿ ಅದು ಬರೀ ನೀರಲ್ಲೇ ತೇಲಬಹುದು. ಈ ಪ್ರಯೋಗ ಮಾಡಿ ತೋರಿಸುವವನು ನಾನಲ್ಲ, ಹೊಲ ಇರುವ ಮನೆಯ ಹುಡುಗರು. ಬೀಜವನ್ನು ಆಮೇಲೆ ಒಳ್ಳೆಯ ನೀರಲ್ಲಿ ತೊಳೆಯದಿದ್ದರೆ ಮೊಳಕೆ ಕೆಡುತ್ತದೆ ಎಂದು ನನಗೇ ಪಾಠ ಹೇಳುತ್ತಾರೆ.

ಪಾಠ ಮುಟ್ಟಿತೇ ಎಂದು ನೋಡಲು ಒಂದೇ ಪ್ರಶ್ನೆ ಸಾಕು. ಡಬ್ಬಿಯ ನೀರಲ್ಲಿ ಬಟ್ಟಲು ತೇಲುತ್ತಿದೆ, ಬಟ್ಟಲಲ್ಲಿ ಅದೇ ಕಲ್ಲಿದೆ. ಕಲ್ಲನ್ನು ತೆಗೆದು ನೀರಿಗೆ ಹಾಕಿದರೆ ಡಬ್ಬಿಯ ನೀರು ಏರುತ್ತದೋ ಇಳಿಯುತ್ತದೋ? ತರಗತಿ ಎರಡು ಪಾಲಾಗಿ ಜಗಳಕ್ಕೆ ನಿಲ್ಲುತ್ತದೆ. ಬಟ್ಟಲಲ್ಲಿದ್ದಾಗ ಕಲ್ಲು ತನ್ನ ಭಾರದಷ್ಟು, ಅಂದರೆ 270 ಗ್ರಾಂ ನೀರನ್ನು ಸರಿಸಿರುತ್ತದೆ, ಮುಳುಗಿದ ಮೇಲೆ ಬರೀ 100. ಹಾಗಾಗಿ ನೀರು ಇಳಿಯುತ್ತದೆ. ಅಗಲದ ಬಕೆಟ್ಟಿನಲ್ಲಿ ಮಾಡಿದರೆ ಈ ಇಳಿತ ಕಣ್ಣಿಗೆ ಬೀಳುವುದೇ ಇಲ್ಲ. 15 ಸೆಂಟಿಮೀಟರ್ ಅಗಲದ ಪಾರದರ್ಶಕ ಡಬ್ಬಿ ತೆಗೆದುಕೊಂಡು, ಹೊರಗೆ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದಿಡಿ. ನೀರು ಆ ಗೆರೆಗಿಂತ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಕೆಳಗೆ ಬಂದು ನಿಲ್ಲುತ್ತದೆ.