ಬಕೆಟ್ಟು, ಪೈಪು, ಪಾರ್ಚ್‌ಮೆಂಟು: ಗುಜರಿ ಸಾಮಾನಿನ ತಾಳವಾದ್ಯ

20 ಲೀಟರಿನ ಖಾಲಿ ಪೇಂಟ್ ಬಕೆಟ್, ಅರ್ಧ ಇಂಚಿನ ಜಿಐ (ಸತು ಲೇಪಿತ ಕಬ್ಬಿಣದ) ಪೈಪ್ 11 ಅಡಿ, ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ. ಚಿಕ್ಕಮಗಳೂರಿನ ಗುಜರಿ ಅಂಗಡಿಗಳಲ್ಲಿ ಸಿಗುವ ಇಷ್ಟು ಸಾಮಾನು ಸಾಕು. ಹೇಗೆ ಹೊಡೆಯುತ್ತೀರಿ ಎನ್ನುವುದಕ್ಕಿಂತ ವಸ್ತುವನ್ನು ಹೇಗೆ ಇಡುತ್ತೀರಿ ಎಂಬುದರ ಮೇಲೆಯೇ ನಾದ ನಿಂತಿದೆ.

ಬಕೆಟ್ಟಿನ ಹಿಡಿಕೆ ತಂತಿಯನ್ನು ಮೊದಲು ಕಿತ್ತುಹಾಕಿ. ಇಲ್ಲದಿದ್ದರೆ ಪ್ರತಿ ಪೆಟ್ಟಿಗೂ ಗಲಗಲ ಎನ್ನುತ್ತದೆ. ಬೋರಲು ಹಾಕಿ ಒಂದು ಬದಿಯಡಿ ಇಟ್ಟಿಗೆ ತುಂಡು ಕೊಡಿ. ಬಾಯಿಯ ಅಂಚು ಪೂರ್ತಿ ನೆಲಕ್ಕೆ ಕೂತರೆ ಒಳಗಿನ ಗಾಳಿಗೆ ದಾರಿಯಿಲ್ಲದೆ ಸದ್ದು ಉಸಿರುಗಟ್ಟುತ್ತದೆ. ಮೇಲೆ ಬಂದ ತಳದ ನಡುವೆ ‘ಧಿಂ’, ಅದರ ಅಂಚಿಗೆ ‘ಟಕ್’. ಕೋಲಿಗೆ ತೋಟದಲ್ಲಿ ಸವರಿದ ಕಾಫಿ ಗಿಡದ ನೇರ ಕೊಂಬೆ ಒಳ್ಳೆಯದು, ಬಹಳ ಗಟ್ಟಿ. 40 ಸೆಂ.ಮೀ. ಕತ್ತರಿಸಿ, ಸಿಪ್ಪೆ ಸುಲಿದು ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಸೀಳುತ್ತದೆ.

ನಿಜವಾದ ಕೆಲಸ ಇರುವುದು ಪೈಪಿನಲ್ಲಿ. ಮೋಹನ ರಾಗಕ್ಕೆ ಅಳತೆ ಹೀಗೆ: ಸ 60, ರಿ 56.6, ಗ 53.7, ಪ 49, ದ 46.5, ಮೇಲಿನ ಸ 42.4 ಸೆಂ.ಮೀ. ಉದ್ದವನ್ನು ಅರ್ಧ ಮಾಡಿದರೆ ಒಂದಲ್ಲ, ಎರಡು ಸ್ಥಾಯಿ ಮೇಲೇರುತ್ತದೆ. ಅದಕ್ಕೇ ಮೇಲಿನ ಸ 30ಕ್ಕೆ ಇಳಿದಿಲ್ಲ. ಆರೂ ತುಂಡು ಒಂದೇ ಪೈಪಿನವಾಗಿರಲಿ, ದಪ್ಪ ಬದಲಾದರೆ ಶ್ರುತಿಯೂ ಬದಲಾಗುತ್ತದೆ. ಮೊದಲ ಪೈಪ್ ನುಡಿದದ್ದೇ ನಿಮ್ಮ ಷಡ್ಜ, ಅಂದರೆ ಸ; ತಂಬೂರಿ ಆ್ಯಪನ್ನು ಅದಕ್ಕೆ ಹೊಂದಿಸಿಕೊಳ್ಳಿ. ಉಳಿದವನ್ನು ಅಳತೆಗಿಂತ 3 ಮಿ.ಮೀ. ಉದ್ದವಾಗಿಯೇ ಕತ್ತರಿಸಿ, ತುದಿಯನ್ನು ಅರದಿಂದ ಉಜ್ಜುತ್ತ ಶ್ರುತಿ ಏರಿಸಿ. ಹೆಚ್ಚು ಉಜ್ಜಿದರೆ ತುಂಡು ಹೋಯಿತೆಂದೇ ಲೆಕ್ಕ.

ಇನ್ನು ಕೂರಿಸುವುದು. ಉದ್ದವನ್ನು 0.224ರಿಂದ ಗುಣಿಸಿ, ಎರಡೂ ತುದಿಯಿಂದ ಅಷ್ಟು ದೂರಕ್ಕೆ ಗುರುತು ಹಾಕಿ: 60ಕ್ಕೆ 13.4, 42.4ಕ್ಕೆ 9.5 ಸೆಂ.ಮೀ. ಪೈಪ್ ನುಡಿಯುವಾಗ ಅಲುಗದ ಜಾಗಗಳು ಈ ಎರಡೇ. ಗೋಣಿಚೀಲವನ್ನು ಸುರುಳಿ ಸುತ್ತಿ ಅಲ್ಲಿಗೆ ಸರಿಯಾಗಿ ಕೊಡಿ. ಬೇರೆಲ್ಲಿ ಇಟ್ಟರೂ ‘ಠಣ್’ ಎಂದು ಸತ್ತೇಹೋಗುತ್ತದೆ. ಕೋಲಿನ ತುದಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ನಡುವೆ ಹೊಡೆಯಿರಿ. ಕತ್ತರಿಸಿದ ತುದಿಗೆ ಪೇಂಟ್ ಬಳಿಯದಿದ್ದರೆ ನಮ್ಮ ಮಳೆಗಾಲದಲ್ಲಿ ತುಕ್ಕು ಖಂಡಿತ.

ಬಾಟಲಿಗೆ ಕಾಲು ಭಾಗ ಚೆನ್ನಾಗಿ ಒಣಗಿದ ಪಾರ್ಚ್‌ಮೆಂಟ್ ಕಾಫಿ (ಹಣ್ಣಿನ ತಿರುಳು ತೆಗೆದು, ಒಳಹೊಟ್ಟು ಹಾಗೇ ಬಿಟ್ಟ ಬೀಜ) ತುಂಬಿ. ಅರ್ಧ ದಾಟಿದರೆ ಕಾಳು ಕುಣಿಯಲು ಜಾಗವಿಲ್ಲ. ಹುರಿದ ಬೀಜ ಬೇಡ, ಎಣ್ಣೆ ಬಿಟ್ಟು ಪುಡಿಯಾಗುತ್ತದೆ.

ಶುರುವಿಗೆ ಏಳರ ನಡೆ: ತಕಿಟ ತಕಧಿಮಿ. ಎರಡೂ ‘ತ’ಗಳಿಗೆ ಬಕೆಟ್ಟಿನ ನಡು, ಉಳಿದ ಅಕ್ಷರಕ್ಕೆ ಅಂಚು, ಏಳಕ್ಕೂ ಬಾಟಲಿ ಅಲ್ಲಾಡಿಸಿ. ಪೈಪನ್ನು ಮೊದಲ ‘ತ’ಗೆ ಮಾತ್ರ ಮುಟ್ಟಿ, ಅದರ ನಾದ ಮುಂದಿನ ಸುತ್ತಿನವರೆಗೂ ಹರಿಯಲು ಬಿಡಿ.